ಆರ್ಫಿಯಸ್‌ನನ್ನು ಪರದೆಗೆ ತರುವ ಮೊದಲು

ಪ್ರಿಯ ಗೆಳೆಯಾ,

ಇಟಲಿಯ ಸಂಗೀತಕಾರ ಮಾಂಟೆವೆರ್ಡಿಯ ‘ಲೋರ್ಫಿಯೋ’ ಒಪೆರಾವನ್ನು, ಅಂದರೆ ಆರ್ಫಿಯಸ್‌ನ ಕತೆಯ ಹಾಡುನಾಟಕವನ್ನು, ತೊಗಲುಗೊಂಬೆಗಳಲ್ಲಿ ಆಡಿಸಲು ಸಾಧ್ಯವೇ ಎಂದು ನೀನು ಕೇಳಿದ್ದೆ. ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್ ಸತ್ತ ಹೆಂಡತಿ ಯೂರಿಡಿಸಿಯನ್ನು ಕರೆತರಲು ಪಾತಾಳಕ್ಕಿಳಿಯುತ್ತಾನೆ; ದಾರಿಯಲ್ಲಿ ಹಿಂತಿರುಗಿ ನೋಡಬಾರದೆಂಬ ಷರತ್ತು ಮುರಿದು ಅವಳನ್ನು ಮತ್ತೆ ಕಳೆದುಕೊಳ್ಳುತ್ತಾನೆ. ಆ ಕತೆ ಪರದೆಯನ್ನೇ ಬಯಸುತ್ತದೆ ಎಂದು ಈಗ ನನಗೆ ಅನ್ನಿಸುತ್ತಿದೆ. 1607ರಲ್ಲಿ ಇಟಲಿಯ ಮಾಂಟುವಾದ ಅರಮನೆಯಲ್ಲಿ ಅದನ್ನು ಮೊದಲು ಆಡಿದಾಗಲೂ ಯೂರಿಡಿಸಿಯ ಸಾವನ್ನು ಯಾರೂ ಕಣ್ಣಾರೆ ಕಾಣಲಿಲ್ಲ. ಹೂ ಕೊಯ್ಯುತ್ತಿದ್ದವಳನ್ನು ಹಾವು ಕಚ್ಚಿತೆಂಬ ಸುದ್ದಿಯನ್ನು ಗೆಳತಿಯೊಬ್ಬಳು ಬಂದು ಹಾಡಿ ಹೇಳುತ್ತಾಳೆ. ಯೂರಿಡಿಸಿ ಮೊದಲಿನಿಂದಲೂ ಅರ್ಧ ನೆರಳೇ.

ಕಷ್ಟವಿರುವುದು ಆರ್ಫಿಯಸ್ ಹಿಂತಿರುಗಿ ನೋಡುವ ಗಳಿಗೆಯಲ್ಲಿ. ನೆರಳಿನ ಗೊಂಬೆಗೆ ಸಾಮಾನ್ಯವಾಗಿ ಪಕ್ಕದ ಮುಖವಷ್ಟೇ ಇರುವುದರಿಂದ, ಅದು ತಿರುಗಬೇಕಾದರೆ ಇಡೀ ಗೊಂಬೆಯನ್ನೇ ಮಗುಚಬೇಕು. ಗ್ರೀಸಿನ ಕರಾಗಿಯೋಜಿಸ್ ಎಂಬ ನೆರಳುಗೊಂಬೆ ಆಟದವರು ಕೋಲಿಗೆ ಕೀಲು ಜೋಡಿಸಿ ಇದನ್ನು ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಸುತ್ತಾರೆ. ನಾವು ಮಾತ್ರ ನಿಧಾನವಾಗಿ ಮಗುಚೋಣ. ಆಗ ಒಂದು ಕ್ಷಣ ಗೊಂಬೆಯ ಅಂಚು ಮಾತ್ರ ಪರದೆಗೆ ತಾಗಿ, ಆರ್ಫಿಯಸ್ ಮುಖವಿಲ್ಲದ, ಕಣ್ಣಿಲ್ಲದ ಬರಿಯ ಗೆರೆಯಾಗುತ್ತಾನೆ. ಅದೇ ಹೊತ್ತಿಗೆ ಯೂರಿಡಿಸಿಯನ್ನು ಪರದೆಯಿಂದ ದೀಪದ ಕಡೆಗೆ ಸರಿಸಿದರೆ, ಅವಳ ನೆರಳು ಹಿಗ್ಗುತ್ತ, ಮಸುಕಾಗುತ್ತ, ಪರದೆ ತುಂಬ ಹರಡಿ ಇಲ್ಲವಾಗುತ್ತದೆ. ಮಾಂಟೆವೆರ್ಡಿಯ ಆರ್ಫಿಯಸ್ ಕತ್ತಲೆ ಕವಿಯುವ ಮುನ್ನ ಅವಳ ಕಣ್ಣುಗಳನ್ನಾದರೂ ಕಾಣುತ್ತಾನೆ. ನಮ್ಮವನಿಗೆ ಅಷ್ಟೂ ಸಿಗುವುದಿಲ್ಲ.

ಆದರೆ ನನ್ನ ನಿದ್ದೆಗೆಡಿಸಿರುವುದು ಮೂರನೆಯ ಅಂಕದ ‘ಪೊಸೆಂತೆ ಸ್ಪಿರ್ತೋ’, ಪಾತಾಳದ ಹೊಳೆ ದಾಟಿಸೆಂದು ಆರ್ಫಿಯಸ್ ಅಂಬಿಗನನ್ನು ಬೇಡುವ ಹಾಡು. 1609ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಸ್ವರಲಿಪಿಯಲ್ಲಿ ಈ ಹಾಡಿಗೆ ಎರಡು ಸಾಲುಗಳಿವೆ: ಒಂದು ಸಾದಾ, ಇನ್ನೊಂದು ಗಮಕಗಳಿಂದ ತುಂಬಿದ್ದು. ಪಿಟೀಲು, ಕಾರ್ನೆಟ್ಟೋ ಎಂಬ ಊದುವಾದ್ಯ, ಹಾರ್ಪ್‌ಗಳು ಸರದಿಯಲ್ಲಿ ಮರುದನಿ ಕೊಡುತ್ತವೆ. ಇಷ್ಟಾದರೂ ಸತ್ತವರನ್ನು ದಾಟಿಸುವ ಆ ಅಂಬಿಗ, ಕ್ಯಾರನ್, ಕರಗುವುದಿಲ್ಲ. ಹಾಡು ಹಿತವಾಯಿತೆಂದು ಒಪ್ಪುತ್ತಾನೆ, ಕೊನೆಗೆ ನಿದ್ದೆಹೋಗುತ್ತಾನೆ.

ಅಪ್ಪ ತೀರಿಕೊಂಡ ಮೇಲೆ ಅವರ ಕೊನೆಯ ರಾತ್ರಿಯ ಕತೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೆಂದು ನಿನಗೆ ಗೊತ್ತು. ಪ್ರತಿ ಸಲವೂ ಒಂದು ಮಾತು ಸೇರಿತು, ಒಂದು ಮೌನ ಹದಗೊಂಡಿತು, ಕೇಳಿದವರು ಕಣ್ಣೊರೆಸಿಕೊಂಡರು. ಈಗ ಆ ರಾತ್ರಿಯ ಸಾದಾ ಸಾಲು ನನಗೇ ಕೇಳಿಸುತ್ತಿಲ್ಲ. ಅವರನ್ನು ನೆನೆದಾಗಲೆಲ್ಲ ಕಿಟಕಿಯ ಬಳಿ ಪತ್ರಿಕೆ ಓದುತ್ತಿರುವ ಪಕ್ಕದ ಮುಖ ಮಾತ್ರ ಕಾಣುತ್ತದೆ. ಅವರು ಇತ್ತ ತಿರುಗುವುದಿಲ್ಲ. ಕರೆಯಲು ನನಗೆ ಹೆದರಿಕೆ.

ಇಷ್ಟನ್ನು ಎಲ್ಲರೆದುರು ಬರೆಯುವ ಯೋಚನೆಯಿರಲಿಲ್ಲ. ಕೆಲಸದ ಮಾತಿಗೆ ಬರೋಣ. ನಮ್ಮ ಆಟದಲ್ಲಿ ಆರ್ಫಿಯಸ್ ಸಾದಾ ಸಾಲನ್ನೇ ಹಾಡಲಿ. ಅಂಬಿಗನ ದನಿ ನಿನ್ನದೇ. ಇನ್ನು ಮುಕ್ತಾಯ. 1607ರ ಸಾಹಿತ್ಯದಲ್ಲಿ ಮದಿರೆಯ ದೇವರು ಬಾಕಸನ ಹಿಂಬಾಲಕ ಹೆಂಗಸರು ಆರ್ಫಿಯಸ್‌ನ ಮೇಲೆ ಕೆರಳಿ ಬರುತ್ತಾರೆ. 1609ರ ಸ್ವರಲಿಪಿಯಲ್ಲಿ ಅವನ ತಂದೆ ಅಪೊಲೊ ಮೋಡದಲ್ಲಿ ಇಳಿದು ಬಂದು ಮಗನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಾನೆ. ತಂದೆ ಬರುವ ಮುಕ್ತಾಯವೇ ನನಗೆ ಬೇಕು. ಬೆಳಕು ಚೆನ್ನಾಗಿ ಹಾಯುವಂಥ ತೆಳು ತೊಗಲನ್ನು ಆ ಮೋಡಕ್ಕೆಂದು ಈಗಲೇ ತೆಗೆದಿರಿಸು. ತೂತು ಕೊರೆಯಲು ನಾನೇ ಬರುತ್ತೇನೆ.

ನಿನ್ನ ಗೆಳೆಯ