ಬಾಗಿಲ ಹೊರಗೆ ಕೂತಿದ್ದ ಕಾಕುಗೆ

ದೀಪಾವಳಿ ಮುಗೀತು. ಈ ಸಲ ನಮ್ಮ ಮನೆಯಲ್ಲೂ ದೀಪ ಹಚ್ಚಿದೆವು. ಹೋದ ವರ್ಷದ್ದು ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ಮಾತು ಅಂತಲೂ ಗೊತ್ತು. ನಮ್ಮ ಮನೆಯವರನ್ನು, ಅಂದರೆ ಫೌಜಿಯಾದ (ಸೈನಿಕರಾದ) ನನ್ನ ಗಂಡನನ್ನು, ಕೇಳಿಯೇ ಬರೆಯುತ್ತಿದ್ದೇನೆ. "ಕಾಕು ಬಗ್ಗೆ ಜಾಸ್ತಿ ಬರಿ" ಅಂದರು. ಎದುರು ಮನೆಯ ಹೆಂಗಸನ್ನು ನಾವು ಚಿಕ್ಕಮ್ಮ ಅನ್ನುವ ಹಾಗೆ ಕಾಕು ಅನ್ನುತ್ತೇವೆ.

ಬೀದರಿನವರಿಗೆ ವಿಮಾನದ ಸದ್ದು ಹೊಸದಲ್ಲ. ವಾಯುನೆಲೆಯ ಹಾಕ್ ವಿಮಾನಗಳು ತಲೆ ಮೇಲೆ ಹಾರುತ್ತಲೇ ಇರುತ್ತವೆ. ಅದಕ್ಕೆ ಇವರು ಬೆಚ್ಚಿದ್ದೇ ಇಲ್ಲ. "ಫೌಜಿಗೆ ಪಟಾಕಿ ಭಯವಾ?" ಅಂತ ಕೇಳುವವರಿಗೆ ಇದನ್ನೇ ಹೇಳುತ್ತೇನೆ. ಹೇಳದೆ ಕೇಳದೆ ಬಂದ ಸದ್ದು, ಕಾಶ್ಮೀರದಲ್ಲಿ ಇವರು ಕಂಡ ಆ ಒಂದು ದಿನದ ಹಾಗೇ ಬಂದ ಸದ್ದು, ಮನುಷ್ಯನನ್ನು ಅಲ್ಲಿಗೇ ಎಳೆದುಕೊಂಡು ಹೋಗುತ್ತದೆ. ಅದು ಹೇಡಿತನ ಅಲ್ಲ. ಗಾಳಿ ಸೋಕಿದ್ದೂ ಅಲ್ಲ. ಪಿಟಿಎಸ್‌ಡಿ ಅಂತಾರೆ, ದೊಡ್ಡ ಆಘಾತ ಕಂಡವರ ಮನಸ್ಸಿಗೆ ಬರುವ ಕಾಯಿಲೆ. ಅದಕ್ಕೆ ಔಷಧ ಇದೆ, ಚಿಕಿತ್ಸೆ ಇದೆ.

ಹೋದ ವರ್ಷದ ದೀಪಾವಳಿ ರಾತ್ರಿ ಓಣಿಯಲ್ಲಿ ಪಟಾಕಿ ಸರ ಸಿಡಿದಾಗ ಇವರು ಅಡುಗೆಮನೆಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ಬಾಗಿಲು ಬಡಿದೆ, ಕೂಗಿದೆ, ಅತ್ತುಬಿಟ್ಟೆ. ಬಡಿಯಬಾರದಿತ್ತು, ಆಗ ಗೊತ್ತಿರಲಿಲ್ಲ. ಎದುರು ಮನೆ ಕಾಕು ಬಂದು ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿದರು. ಆಮೇಲೆ ತಮ್ಮ ಮನೆಯಿಂದ ಮೊರ ಮತ್ತೆ ಒಂದು ಪುಟ್ಟಿ ಹೊಸ ಹೆಸರುಕಾಳು ತಂದು ಬಾಗಿಲ ಹೊರಗೆ ನೆಲದ ಮೇಲೆ ಕೂತರು.

"ತಮ್ಮಾ, ನಾ ಇಲ್ಲೇ ಕುಂತೀನಿ. ಹೆಸರು ಹಸನ ಮಾಡ್ಲಾಕತ್ತೀನಿ. ಪಟಾಕಿ ಮುಗದಾವ. ಇದು ನಿನ್ನ ಮನಿ."

ಅಷ್ಟೇ. ಮೊರ ಕೇರುವ ಸಪ್ಪಳ, ನಡುನಡುವೆ "ಕಲ್ಲ ಸಿಕ್ತು ನೋಡು" ಅಂತ ಒಂದು ಮಾತು. ಬಾಗಿಲು ತೆಗಿ ಅಂತ ಒಂದು ಸಲಾನೂ ಅನ್ನಲಿಲ್ಲ. ಕಾಳು ಮುಗಿದಾಗ ಹಸನಾಗಿದ್ದನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡರು. ನಾಲ್ಕು ಗಂಟೆ ಹೊತ್ತಿಗೆ ಚಿಲಕ ತೆಗೆದ ಸದ್ದಾಯಿತು. ಇವರು ನೀರು ಕೇಳಿದರು.

ಕಣ್ಣೆದುರಿಗೆ, ಕಿವಿಗೆ ಈಗ ಏನಿದೆಯೋ ಅದನ್ನು ಹಿಡಿದು ಇಲ್ಲಿಗೆ ವಾಪಸ್ ಕರೆತರಬೇಕು ಅಂತ ಡಾಕ್ಟರು ಆಮೇಲೆ ಕಲಿಸಿದರು. ಕಾಕು ಅದನ್ನೇ ಮಾಡಿದ್ದರು, ಅಲ್ವಾ?

ಯಾರಿಗೂ ಹೇಳದ ಒಂದು ಮಾತಿದೆ. ನನಗೆ ನನ್ನ ಗಂಡನ ಭಯವಿತ್ತು. ಕನಸಿನಲ್ಲಿ ಒದ್ದಾಡುತ್ತಿದ್ದವರನ್ನು ಮುಟ್ಟಿ ಎಬ್ಬಿಸಲು ಹೋಗಿದ್ದೆ, ಕೈ ತಿರುಚಿಬಿಟ್ಟರು. ಎಚ್ಚರಾದ ಮೇಲೆ ನನಗಿಂತ ಜಾಸ್ತಿ ಅತ್ತವರು ಅವರೇ. ನಾನು ತವರಿಗೆ ಹೋಗಲು ಬ್ಯಾಗು ತುಂಬಿದ್ದೆ. ಎರಡು ದಿನ ಅದು ಮಂಚದ ಕೆಳಗೇ ಇತ್ತು. ಈಗ ಮುಟ್ಟುವುದಿಲ್ಲ, ಕಾಲ ಕಡೆ ದೂರ ನಿಂತು ಹೆಸರು ಕರೆಯುತ್ತೇನೆ. ಗಂಡನ ಹೆಸರು ಹಿಡಿಯಬಾರದು ಅಂತ ಬೆಳೆದವಳು ನಾನು. ಈಗ ಮೆಲ್ಲಗೆ, ಕಣ್ಣು ಬಿಡುವ ತನಕ ಕರೆಯುತ್ತಲೇ ಇರುತ್ತೇನೆ.

ಡಾಕ್ಟರಿಗೆ, ಇವರ ಫೌಜಿ ಗೆಳೆಯರಿಗೆ, ಭಾಲ್ಕಿಯ ಅಣ್ಣ ಅತ್ತಿಗೆಗೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದಾಗ ನಡುರಾತ್ರಿಯಲ್ಲೂ ಕನ್ನಡದಲ್ಲಿ ಸಮಾಧಾನವಾಗಿ ಮಾತಾಡಿದ ಆ ತಂಗಿಗೆ ಕೈ ಮುಗಿದು ಧನ್ಯವಾದ. ಆ ನಂಬರಿಗೆ ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಬರೆದಿಟ್ಟುಕೊಳ್ಳಿ. ಈ ಸಲ ಓಣಿ ಹುಡುಗರು ಮನೆಗೇ ಬಂದು "ಏಳಕ್ಕ ಹಚ್ಚತೀವ್ರಿ, ಎಂಟಕ್ಕ ಬಂದ್ ಮಾಡ್ತೀವಿ" ಅಂತ ಹೇಳಿ ಹೋದರು. ಹೇಳಿದ ಹಾಗೇ ಮಾಡಿದರು ಕೂಡ.

ಆ ಒಂದು ತಾಸು ಇವರು ಒಳಗಿನ ಕೋಣೆಯಲ್ಲಿ ಕಾಕು ಪಕ್ಕ ಕೂತು ಹೆಸರು ಹಸನು ಮಾಡಿದರು. ಕೈ ನಡುಗುತ್ತಿತ್ತು, ಆದರೆ ಎದ್ದು ಹೋಗಲಿಲ್ಲ. ಎಂಟಕ್ಕೆ ಕಾಕು ಮೊರದೊಳಗೆ ಬಗ್ಗಿ ನೋಡಿ, "ಇನ್ನಾ ಎರಡು ಕಲ್ಲ ಬಿಟ್ಟಿದಿ ತಮ್ಮಾ" ಅಂದರು. ಇವರು ನಕ್ಕರು.