ಮೂರು ಸುತ್ತಿನ ಗೆಲುವು ಪಟ್ಟಕ್ಕೆ ಸಾಲದು
ಮಾನ್ಯರೇ,

ಎಂಟು ಬಾಕ್ಸರ್‌ಗಳು, ಒಂದೇ ರಾತ್ರಿ, ಮೂರು ನಿಮಿಷದ ಮೂರೇ ಸುತ್ತಿನ ಪಂದ್ಯಗಳು: ಬ್ರಿಟನ್‌ನ ‘ಪ್ರೈಜ್‌ಫೈಟರ್’ ಟೂರ್ನಿಯ ಮಾದರಿ ಇದಾಗಿತ್ತು. ಇಂಥ ಟೂರ್ನಿಯ ಗೆಲುವನ್ನೇ ಹನ್ನೆರಡು ಸುತ್ತಿನ ಪಟ್ಟದ ಹೋರಾಟಕ್ಕೆ ಅರ್ಹತೆ ಎನ್ನಲಾಗದು. ಪ್ರತಿ ಸುತ್ತು ಗೆದ್ದವನಿಗೆ 10 ಅಂಕ, ಸೋತವನಿಗೆ ಸಾಮಾನ್ಯವಾಗಿ 9, ಒಮ್ಮೆ ನೆಲಕ್ಕುರುಳಿದ್ದರೆ 8. ಹಾಗೆ ನೆಲಕ್ಕುರುಳಿ 10–8ರಲ್ಲಿ ಸುತ್ತು ಕಳೆದುಕೊಂಡವನು ಉಳಿದೆರಡನ್ನೂ 10–9ರಲ್ಲಿ ಗೆದ್ದರೂ ಲೆಕ್ಕ 28–28ಕ್ಕೇ ನಿಲ್ಲುತ್ತದೆ. ಹೀಗಾಗಿ ಎಲ್ಲರೂ ಮೊದಲ ಗಂಟೆ ಬಾರಿಸಿದ ಕ್ಷಣದಿಂದಲೇ ತಲೆಗೆ ಗುರಿಯಿಟ್ಟು ಬೀಸುತ್ತಾರೆ. ಪಕ್ಕೆಲುಬಿಗೆ ಬಿದ್ದ ಏಟು ಕಾಲಿನ ಕಸುವು ಕಸಿಯುವುದು ಏಳೆಂಟನೇ ಸುತ್ತಿನಲ್ಲಿ. ಆ ತಾಳ್ಮೆಯ ಕಸುಬಿಗೆ, ಬಾಕ್ಸಿಂಗ್‌ನ ನಿಜವಾದ ವಿದ್ಯೆಗೆ, ಇಲ್ಲಿ ಬೆಲೆಯೇ ಇಲ್ಲ.

2008ರ ಮೊದಲ ಟೂರ್ನಿ ಗೆದ್ದ ಮಾರ್ಟಿನ್ ರೋಗನ್ ಮರುವರ್ಷ ಕಾಮನ್‌ವೆಲ್ತ್ ಪಟ್ಟ ಪಡೆದದ್ದು ನಿಜ. ಆದರೆ ನಡುವೆ ಅವರು ಒಲಿಂಪಿಕ್ ಚಿನ್ನ ಗೆದ್ದಿದ್ದ ಆಡ್ಲಿ ಹ್ಯಾರಿಸನ್‌ರನ್ನು ಹತ್ತು ಸುತ್ತಿನ ಪಂದ್ಯದಲ್ಲಿ ಸೋಲಿಸಿದ್ದರು. ಶ್ರೇಯಾಂಕ ನೀಡುವವರು ಅಂಥದ್ದೊಂದು ಪಂದ್ಯವನ್ನು ಕಡ್ಡಾಯ ಮಾಡಲಿ.