ಹಳದಿ ಹೂ ಆರಿಸುವವರ ಗಮನಕ್ಕೆ

ಉದ್ದ ಎಸಳಿನ ಹಳದಿ ಹೂ ಯಾವುದು ತರಲಿ ಎಂದು ಹಲವರು ಕೇಳಿದ್ದೀರಿ. ಮೊದಲು ಬಿಸಿಲು ನೋಡಿಕೊಳ್ಳಿ. ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲಿದ್ದರೆ ಸೂರ್ಯಕಾಂತಿ ಹಾಕಿ. (ಅದರ ಒಂದೊಂದು ಎಸಳೂ ನಿಜಕ್ಕೂ ಒಂದೊಂದು ಹೂವೇ!)

ಕುಂಡಕ್ಕೆ ನನ್ನ ಆಯ್ಕೆ, ಎಳೆಎಳೆಯಾಗಿ ಬಾಗುವ ಸ್ಪೈಡರ್ ಸೇವಂತಿಗೆ. ರಾತ್ರಿ ದೀಪದ ಬೆಳಕು ಬೀಳುವ ಕಡೆ ಮಾತ್ರ ಇಡಬೇಡಿ. ದೀರ್ಘ ಕತ್ತಲು ಸಿಗದಿದ್ದರೆ ಮೊಗ್ಗು ಕಟ್ಟಲು ತಡವಾಗುತ್ತದೆ. ಹೂದಾನಿಗೆ ಜರ್ಬೆರಾ ಸಾಕು. ನೀರು ನಾಲ್ಕು ಬೆರಳಷ್ಟೇ ಇರಲಿ, ಹೆಚ್ಚಾದರೆ ದಂಟು ಕೊಳೆಯುತ್ತದೆ.

ಮನೆಯಲ್ಲಿ ಬೆಕ್ಕಿದೆಯೇ? ಹಾಗಾದರೆ ಲಿಲ್ಲಿ, ಡೇಲಿಲ್ಲಿ ಬೇಡವೇ ಬೇಡ. ಎಲೆ, ಪರಾಗ, ಕಡೆಗೆ ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡ ಕೆಡಿಸಬಲ್ಲದು.

ಗಿಡ ತಂದವರು ಫೋಟೋ ಹಾಕಿ.